ಅಪ್ಪನ ಮೂಗು, ನನ್ನ ಸೆನ್ಸರ್

ಅಪ್ಪ ವಾರದ ದಿನ ಬೆಳಿಗ್ಗೆ ಫೋನ್ ಮಾಡೋದು ಎರಡೇ ಕಾರಣಕ್ಕೆ. ಊರಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲಾ ಬೋರ್‌ವೆಲ್ ಮೋಟರ್ ಸುಟ್ಟಿರಬೇಕು. ಹೋದ ಡಿಸೆಂಬರ್‌ನ ಒಂದು ಬುಧವಾರ ಆರೂಮುಕ್ಕಾಲಿಗೆ ಫೋನ್ ಬಂದಾಗ, ಎರಡರಲ್ಲಿ ಯಾವುದಿರಬಹುದು ಅಂತ ಯೋಚಿಸುತ್ತಲೇ ಎತ್ತಿದೆ.

"ರಾತ್ರಿ ಹನ್ನೊಂದು ಹೋಗವೆ ಕಣೋ" ಅಂದರು ಅಪ್ಪ.

ಹನ್ನೊಂದು ಅಂದರೆ ಹನ್ನೊಂದು ಕೋಳಿ. ಮುಳಬಾಗಿಲು ಕಡೆಯ ನಮ್ಮೂರಲ್ಲಿ, ಮನೆ ಹಿಂದಿನ ಹೊಲದಲ್ಲಿ, ಅಪ್ಪನದೊಂದು ಲೇಯರ್ ಶೆಡ್ ಇದೆ. 3000 ಬಿಳಿ ಕೋಳಿ. ತಿನ್ನೋ ಬ್ರಾಯ್ಲರ್ ಅಲ್ಲ, ಮೊಟ್ಟೆ ಇಡೋ ಕೋಳಿ. ದೊಡ್ಡ ಫಾರ್ಮ್‌ಗಳವರಿಗೆ ಇದು ಲೆಕ್ಕಕ್ಕೇ ಇಲ್ಲದ ಸಂಖ್ಯೆ, ನಮಗೆ ಅದೇ ಜೀವನ. ಟೊಮೆಟೊ ಬೆಳೆದು ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಅಪ್ಪ ಹಾಕಿದ ಶೆಡ್ಡು. ಹಾಕಿದ ದುಡ್ಡಲ್ಲಿ ಮುಕ್ಕಾಲು ಪಾಲು ನನ್ನ ಪರ್ಸನಲ್ ಲೋನ್.

ಈ ಲೋನ್ ವಿಷಯ ಮೊದಲೇ ಹೇಳಿಬಿಡಬೇಕು, ಯಾಕಂದ್ರೆ ಮುಂದಿನದೆಲ್ಲಾ ಅದರಿಂದಲೇ ಆಯ್ತು. ನನ್ನ ದುಡ್ಡು ಬಿದ್ದ ದಿನದಿಂದ ಅಪ್ಪ ಶೆಡ್ ವಿಷಯದಲ್ಲಿ ನನ್ನ ಎದುರು ಗಟ್ಟಿಯಾಗಿ ಮಾತಾಡೋದು ಬಿಟ್ಟರು. ನಾನು ಮಾತಾಡೋದು ಜಾಸ್ತಿ ಮಾಡಿದೆ.

ನಿಮಗೆ ಗೊತ್ತಲ್ಲ, ನಮ್ಮಂಥವರು ಯಾವುದನ್ನೇ ನೋಡಿದರೂ ಮೊದಲು ಅಳೆಯೋಕೆ ಹೋಗ್ತೀವಿ. ಆನ್‌ಲೈನ್‌ನಲ್ಲಿ ಒಂದು ಟೆಂಪರೇಚರ್ ಸೆನ್ಸರ್ ತರಿಸಿ, ಒಂದು ಪುಟ್ಟ ಬೋರ್ಡ್‌ಗೆ ಜೋಡಿಸಿ, ಶೆಡ್ ಮಧ್ಯದ ಕಂಬಕ್ಕೆ ಕಟ್ಟಿ ಬಂದಿದ್ದೆ. ಐದೈದು ನಿಮಿಷಕ್ಕೆ ಶೆಡ್‌ನ ಉಷ್ಣಾಂಶ ನನ್ನ ಫೋನಿಗೆ ಬರುತ್ತಿತ್ತು. ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಬೇಜಾರಾದಾಗ ನಮ್ಮೂರ ಕೋಳಿಗಳ ಗ್ರಾಫ್ ನೋಡುತ್ತಾ ಕೂರುತ್ತಿದ್ದೆ. ಡಿಸೆಂಬರ್ ಮೊದಲ ವಾರ ರಾತ್ರಿ 12 ಡಿಗ್ರಿಗೆ ಇಳೀತು. ಚಳಿಗೆ ಕೋಳಿ ಮೈ ಬಿಸಿ ಇಟ್ಟುಕೊಳ್ಳೋಕೆ ಜಾಸ್ತಿ ತಿನ್ನುತ್ತೆ. ಒಂದು ಲೇಯರ್ ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಫೀಡ್ ಬೇಕು, 3000 ಕೋಳಿಗೆ 330 ಕೆಜಿ. ತಲೆಗೆ ಹತ್ತು ಗ್ರಾಂ ಜಾಸ್ತಿ ಆದರೂ ತಿಂಗಳಿಗೆ 900 ಕೆಜಿ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಅಪ್ಪನಿಗೆ ಫೋನ್ ಮಾಡಿದೆ. ಸಂಜೆ ಐದಕ್ಕೆ ಗೋಣಿತಾಟಿನ ಪರದೆ ಪೂರ್ತಿ ಇಳಿಸು, ಬೆಳಿಗ್ಗೆ ಒಂಬತ್ತರವರೆಗೂ ಎತ್ತಬೇಡ, ಮಂಜು ಇದ್ದರೆ ದಿನವೆಲ್ಲಾ ಇಳಿಸೇ ಇರು ಅಂದೆ.

"ಗಾಳಿ ಆಡಬೇಕಲ್ಲೋ" ಅಂದರು ಅಪ್ಪ.

"ಅಪ್ಪಾ, ಡೇಟಾ ನೋಡಿ ಹೇಳ್ತಿದೀನಿ."

ಅಪ್ಪ ಸುಮ್ಮನಾದರು. ಪರದೆ ಇಳೀತು. ಗ್ರಾಫ್‌ನಲ್ಲಿ ರಾತ್ರಿಯ ಗೆರೆ 12ರಿಂದ 19ಕ್ಕೆ ಏರಿತು. ಅದರ ಸ್ಕ್ರೀನ್‌ಶಾಟ್ ತೆಗೆದು ಆಫೀಸ್ ಗೆಳೆಯರ ಗ್ರೂಪ್‌ಗೆ ಹಾಕಿದ್ದೆ. ಎಲ್ಲರೂ ಹೆಬ್ಬೆರಳು ಒತ್ತಿದ್ದರು.

ಹನ್ನೊಂದು ಕೋಳಿ ಸತ್ತ ಆ ಬುಧವಾರ ಬೆಳಿಗ್ಗೆಯೂ ಗ್ರಾಫ್ ಹಸಿರಾಗೇ ಇತ್ತು.

ರಜೆ ಹಾಕಿ ಮಧ್ಯಾಹ್ನಕ್ಕೆ ಊರು ಸೇರಿದೆ. ನಮ್ಮಷ್ಟು ಕೋಳಿಯಲ್ಲಿ ವಾರಕ್ಕೆ ಒಂದೋ ಎರಡೋ ಸಾಯೋದು ಮಾಮೂಲು. ಒಂದೇ ರಾತ್ರಿ ಹನ್ನೊಂದು ಅಂದರೆ ಮನೆಯಲ್ಲಿ ಯಾರಿಗೂ ಊಟ ಇಳಿಯಲ್ಲ. "ಕೊಕ್ಕರೆ ರೋಗ ಬಂತೇನೋ" ಅಂತ ಅಮ್ಮ ಹೆದರಿದ್ದಳು. ನಾಟಿ ಕೋಳಿ ಸಾಕಿದ ಯಾವ ಮನೆಯಲ್ಲೂ ಈ ಹೆಸರಿಗೆ ಭಯ ಇದೆ. ರಾಣಿಖೇತ್ ಅಂತಾರಲ್ಲ, ಅದೇ. ಬಂದರೆ ಊರಿಗೆ ಊರೇ ಖಾಲಿ.

ತಾಲ್ಲೂಕಿನ ಪಶುವೈದ್ಯರು ಸಂಜೆ ಬಂದರು. ಬೈಕ್ ನಿಲ್ಲಿಸಿ, ಶೆಡ್ ಬಾಗಿಲಲ್ಲಿ ಒಂದು ಹೆಜ್ಜೆ ಒಳಗಿಟ್ಟು ನಿಂತೇಬಿಟ್ಟರು. ಮೂಗು ಮುಚ್ಚಿಕೊಂಡು ಅಪ್ಪನ ಕಡೆ ತಿರುಗಿ "ಯಜಮಾನ್ರೇ, ಇದೇನು ಹಿಂಗೆ? ನೀವು ಯಾವತ್ತೂ ಹಿಂಗೆ ಇಟ್ಟಿರಲಿಲ್ವಲ್ಲ" ಅಂದರು.

ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿ ಇತ್ತು.

ಹುಣಸೆಮರದ ಕೆಳಗೆ ಗೋಣಿಚೀಲ ಹಾಸಿ ಡಾಕ್ಟರು ಸತ್ತ ಮೂರು ಕೋಳಿ ಕುಯ್ದು ತೋರಿಸಿದರು. ನಾನು ಹಳ್ಳಿಯಲ್ಲೇ ಬೆಳೆದವನು, ಕೋಳಿ ಕುಯ್ಯೋದು ಹೊಸದಲ್ಲ. ಆದರೆ ಇಂಥದ್ದು ನೋಡಿರಲಿಲ್ಲ. ಹೃದಯದ ಸುತ್ತ, ಪಿತ್ತಜನಕಾಂಗದ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಪದರ. ಒಂದು ಕೋಳಿಯ ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಹರಡಿ, ಬೇಯಿಸಿದ ಹಾಗೆ ಗಟ್ಟಿಯಾಗಿತ್ತು. ಉಸಿರಿನ ಚೀಲಗಳಲ್ಲಿ ಪನ್ನೀರಿನ ಚೂರಿನಂಥ ಗಂಟುಗಳು.

"ರಾಣಿಖೇತ್ ಥರ ಕಾಣಲ್ಲ. ಇದು ಇ. ಕೋಲೈ ಇರಬೇಕು. ಲ್ಯಾಬ್‌ಗೆ ಕಳಿಸಿ ಖಾತ್ರಿ ಮಾಡ್ಕೊಳ್ಳೋಣ" ಅಂದರು.

ಇ. ಕೋಲೈ ಅಂದಾಗ ನನಗೆ ಆಶ್ಚರ್ಯ. ಅದು ಹೊರಗಿಂದ ಬರೋ ಭಯಂಕರ ರೋಗಾಣು ಏನಲ್ಲ. ಕೋಳಿ ಕರುಳಲ್ಲಿ ಯಾವಾಗಲೂ ಇರುತ್ತೆ. ನಿಮ್ಮ ಕರುಳಲ್ಲೂ ಇದೆ, ನನ್ನದರಲ್ಲೂ ಇದೆ. ಥಿಯೋಡೋರ್ ಎಶೆರಿಕ್ ಅನ್ನೋ ಮಕ್ಕಳ ಡಾಕ್ಟರು 1885ರಲ್ಲಿ ಇದನ್ನ ಗುರುತಿಸಿದ್ದು ಶಿಶುಗಳ ಮಲದಲ್ಲಿ. ಅದರಲ್ಲಿ ಕೆಲವು ತಳಿಗಳು ಕೋಳಿಗೆ ರೋಗ ತರಬಲ್ಲವು, ಆದರೆ ಅವಕ್ಕೂ ಒಳಗೆ ಹೋಗೋಕೆ ದಾರಿ ಬೇಕು.

ಆ ದಾರಿ ನಾನು ಮಾಡಿಕೊಟ್ಟಿದ್ದೆ.

ಡಾಕ್ಟರು ಗೆರೆ ಎಳೆದು ವಿವರಿಸಿದರು. ಕೇಜ್ ಕೆಳಗೆ ಕೋಳಿ ಹಿಕ್ಕೆ ಬೀಳುತ್ತೆ. ಒಣಗಿದ್ದರೆ ಅಷ್ಟು ತೊಂದರೆ ಇಲ್ಲ. ನಮ್ಮ ಶೆಡ್‌ನಲ್ಲಿ ನೀರು ಕುಡಿಯೋ ನಿಪ್ಪಲ್ ನಾಲ್ಕೈದು ಕಡೆ ಸೋರುತ್ತಿದ್ದವು, ಹಿಕ್ಕೆ ಒದ್ದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತೆ. ಪರದೆ ಎತ್ತಿದ್ದರೆ ಗಾಳಿಗೆ ಹೋಗುತ್ತಿತ್ತು. ಮುಚ್ಚಿದ್ದರಿಂದ ಅಲ್ಲೇ ನಿಂತಿತು. ಕೋಳಿಯ ಉಸಿರುನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳಿರುತ್ತವೆ. ಧೂಳು, ರೋಗಾಣು ಏನೇ ಬಂದರೂ ಲೋಳೆಯ ಜೊತೆ ಮೇಲಕ್ಕೆ ಗುಡಿಸಿ ಹಾಕೋದು ಅವುಗಳ ಕೆಲಸ. ಹಗಲೂ ರಾತ್ರಿ ನಿಲ್ಲದ ಕಸಪೊರಕೆ. ಅಮೋನಿಯಾ ಈ ರೋಮಗಳನ್ನ ಸ್ತಬ್ಧ ಮಾಡುತ್ತೆ, ದಿನಗಟ್ಟಲೆ ಇದ್ದರೆ ಉದುರಿಸುತ್ತೆ. ಗಾಳಿಯಲ್ಲಿ ಅಮೋನಿಯಾ 25 ಪಿಪಿಎಂ ದಾಟಬಾರದು ಅನ್ನೋದು ಕೋಳಿ ಸಾಕಣೆಯಲ್ಲಿ ಎಲ್ಲರೂ ಹೇಳೋ ಲೆಕ್ಕ. ಶೆಡ್‌ನ ಧೂಳಲ್ಲಿ ಒಣಗಿದ ಹಿಕ್ಕೆ, ಹಿಕ್ಕೆಯಲ್ಲಿ ಇ. ಕೋಲೈ. ಗುಡಿಸೋರಿಲ್ಲದ ನಾಳದಲ್ಲಿ ಅದು ನೇರ ಗಾಳಿಚೀಲಕ್ಕೆ ಇಳೀತು. ಹಕ್ಕಿಗಳಿಗೆ ನಮ್ಮ ಥರ ಎದೆಗೂ ಹೊಟ್ಟೆಗೂ ನಡುವೆ ವಪೆಯ ಗೋಡೆ ಇಲ್ಲ. ಗಾಳಿಚೀಲಗಳು ಹೊಟ್ಟೆಯವರೆಗೂ ಹಬ್ಬಿರುತ್ತವೆ. ಅಲ್ಲಿಂದ ರಕ್ತ, ಹೃದಯ, ಮೊಟ್ಟೆನಾಳ.

"ಮತ್ತೆ ಆ ಪನ್ನೀರು ಥರದ್ದು?" ಅಂತ ಕೇಳಿದೆ.

"ಅದು ಕೋಳಿ ಹೋರಾಡಿದ ಗುರುತು" ಅಂದರು.

ನಮಗೆ ಗಾಯವಾದರೆ ನೀರುನೀರಾಗಿ ಕೀವು ಬರುತ್ತೆ. ಅದು ಸತ್ತ ಬಿಳಿ ರಕ್ತಕಣಗಳ ರಾಶಿ. ಕೋಳಿಯಲ್ಲಿ ಆ ಕೆಲಸ ಮಾಡೋ ಕಣಕ್ಕೆ ಹೆಟೆರೋಫಿಲ್ ಅಂತಾರೆ. ಸೋಂಕಾದ ಜಾಗಕ್ಕೆ ಮೊದಲು ಓಡಿಬರೋದು ಅವೇ, ನುಂಗಿ ಕೊಲ್ಲೋದೂ ಅವೇ. ಆದರೆ ನಮ್ಮ ಕಣಗಳಲ್ಲಿರೋ ಒಂದು ಕಿಣ್ವ ಅವುಗಳಲ್ಲಿ ಇಲ್ಲ, ಹಾಗಾಗಿ ಕೋಳಿಯ ಕೀವು ಕರಗಿ ಹರಿಯಲ್ಲ, ಗಿಣ್ಣಿನ ಥರ ಗಟ್ಟಿಯಾಗಿ ಕೂರುತ್ತೆ. ಜೊತೆಗೆ ಜ್ವರ. ಕೋಳಿಯ ಮೈ ಮಾಮೂಲಿಯಾಗೇ 41 ಡಿಗ್ರಿ ಮೇಲಿರುತ್ತೆ, ಅದು ಇನ್ನೂ ಏರುತ್ತೆ. ಮೇವು ಬಿಡುತ್ತೆ, ರೆಕ್ಕೆ ಇಳಿಬಿಟ್ಟು ಮುದುಡಿ ಕೂರುತ್ತೆ, ಮೊಟ್ಟೆ ನಿಲ್ಲಿಸುತ್ತೆ. ಮೈಯಲ್ಲಿರೋ ಶಕ್ತಿಯೆಲ್ಲಾ ಜಗಳಕ್ಕೆ ಬೇಕು, ಮೊಟ್ಟೆಗೆ ಎಲ್ಲಿ ಉಳಿಯುತ್ತೆ? ದಿನಕ್ಕೆ 92 ಟ್ರೇ ಬರುತ್ತಿದ್ದ ಮೊಟ್ಟೆ ಆ ದಿನ 81, ಆಮೇಲೆ 74.

ಡಾಕ್ಟರು ಮರಿಗಳ ಲಸಿಕೆ ಕಾರ್ಡ್ ಕೇಳಿದರು. ಅಪ್ಪ ಕ್ಯಾಲೆಂಡರ್ ಹಿಂದಿಂದ ತೆಗೆದುಕೊಟ್ಟರು. ಡಾಕ್ಟರ ಬೆರಳು ನಿಂತಿದ್ದು 'ಗಂಬೋರೊ' ಅನ್ನೋ ಸಾಲಿನ ಮೇಲೆ. "ಇದು ಸರಿಯಾಗಿ ಆಗಿದೆ, ಪುಣ್ಯ" ಅಂದರು. ಯಾಕೆ ಪುಣ್ಯ ಅಂತ ಆ ರಾತ್ರಿ ನಿದ್ದೆ ಬರದೆ ಮೊಬೈಲ್‌ನಲ್ಲಿ ಓದಿದೆ. ಓದಿದ್ದನ್ನ ನಿಮಗೂ ಹೇಳಲೇಬೇಕು.

ಕೋಳಿಯ ಬಾಲದ ಬುಡದಲ್ಲಿ, ಗುದದ್ವಾರದ ಹತ್ತಿರ, ಒಂದು ಪುಟ್ಟ ಚೀಲ ಇರುತ್ತೆ. ಇಟಲಿಯ ಪಾಡುವಾದಲ್ಲಿ ಅಂಗರಚನೆ ಪಾಠ ಹೇಳುತ್ತಿದ್ದ ಫ್ಯಾಬ್ರಿಷಿಯಸ್ ಇದನ್ನ ವಿವರಿಸಿದ, ಅವನು ಸತ್ತ ಮೇಲೆ 1621ರಲ್ಲಿ ಆ ಪುಸ್ತಕ ಅಚ್ಚಾಯ್ತು. ಅದಕ್ಕೇ 'ಬರ್ಸಾ ಆಫ್ ಫ್ಯಾಬ್ರಿಷಿಯಸ್' ಅಂತ ಹೆಸರು. ಅದು ಯಾತಕ್ಕಿದೆ ಅಂತ ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಅನ್ನೋ ವಿದ್ಯಾರ್ಥಿ ಮರಿಗಳಿಂದ ಆ ಚೀಲ ತೆಗೆದು ನೋಡುತ್ತಿದ್ದ. ಏನೂ ವ್ಯತ್ಯಾಸ ಕಾಣಲಿಲ್ಲ. ಅವನ ಗೆಳೆಯ ತಿಮೋತಿ ಚಾಂಗ್‌ಗೆ ಕ್ಲಾಸಲ್ಲಿ ಒಂದು ಪ್ರಯೋಗ ತೋರಿಸೋಕೆ ಕೋಳಿ ಬೇಕಿತ್ತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚುಚ್ಚಿ, ರಕ್ತದಲ್ಲಿ ಪ್ರತಿಕಾಯ ಹುಟ್ಟೋದನ್ನ ತೋರಿಸೋ ಮಾಮೂಲಿ ಪಾಠ. ಗ್ಲಿಕ್‌ನ ಕೋಳಿಗಳನ್ನ ಎರವಲು ತಗೊಂಡ. ಪಾಠ ಕೆಟ್ಟುಹೋಯ್ತು, ಚೀಲ ತೆಗೆದಿದ್ದ ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಫೇಲಾದ ಡೆಮೊ! 1956ರಲ್ಲಿ ಅದು 'ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಬಂತು. ವೈದ್ಯಲೋಕ ಅದನ್ನ ಗಮನಿಸೋಕೆ ಇನ್ನೂ ಕೆಲವು ವರ್ಷ ಹಿಡಿಯಿತು. ಪ್ರತಿಕಾಯ ಮಾಡೋ ಕಣಗಳು ತರಬೇತಾಗೋ ಶಾಲೆ ಆ ಚೀಲ. ಕೋವಿಡ್ ಟೈಮಲ್ಲಿ ಟಿವಿಯಲ್ಲಿ ದಿನಾ ಕೇಳಿದ 'ಬಿ ಸೆಲ್' ಇದೆಯಲ್ಲ, ಆ 'ಬಿ' ಬಂದಿದ್ದು ಕೋಳಿಯ ಬರ್ಸಾದಿಂದ. ನಮಗೆ ಆ ಚೀಲ ಇಲ್ಲ, ನಮ್ಮ ಬಿ ಸೆಲ್‌ಗಳು ಬೆಳೆಯೋದು ಮೂಳೆಮಜ್ಜೆಯಲ್ಲಿ, ಹೆಸರು ಮಾತ್ರ ಕೋಳಿಯದೇ.

ಗಂಬೋರೊ ಅನ್ನೋದು ವೈರಸ್ ರೋಗ. ಅದು ಹೊಡೆಯೋದು ಸರಿಯಾಗಿ ಈ ಶಾಲೆಗೇ. ಮರಿಯಾಗಿದ್ದಾಗ ಅದು ಬಂದು ಬದುಕಿ ಉಳಿದ ಕೋಳಿಗೆ, ಆಮೇಲೆ ಹಾಕೋ ಲಸಿಕೆಗಳೂ ಸರಿಯಾಗಿ ಹಿಡಿಯಲ್ಲ, ಇ. ಕೋಲೈ ಥರದ್ದು ಸಲೀಸಾಗಿ ನುಗ್ಗುತ್ತೆ. ನಮ್ಮ ಕೋಳಿಗಳಿಗೆ ಅದರ ಲಸಿಕೆ ಆಗಿತ್ತು. ಹೊರಡುವಾಗ ಡಾಕ್ಟರು ಹೇಳಿದ ಮಾತು ನನಗೆ ಆಗ ಅರ್ಥವಾಯ್ತು. "ಒಳಗಿನ ಸೈನ್ಯ ಚೆನ್ನಾಗೇ ಇದೆ ಯಜಮಾನ್ರೇ. ಬಾಗಿಲು ಮುರಿದಿದೆ ಅಷ್ಟೆ. ಬಾಗಿಲು ಸರಿಮಾಡಿ, ಮಿಕ್ಕಿದ್ದು ಅವೇ ನೋಡ್ಕೊಳ್ತವೆ."

ಅವರ ಪಟ್ಟಿ ಚಿಕ್ಕದು. ಪರದೆ ಮೇಲಿಂದ ಎರಡಡಿ ಯಾವಾಗಲೂ ತೆರೆದಿರಬೇಕು. ಸೋರೋ ನಿಪ್ಪಲ್ ಇವತ್ತೇ ಬದಲಾಯಿಸಬೇಕು. ಒದ್ದೆ ಹಿಕ್ಕೆ ಎತ್ತಿ ಸುಣ್ಣ ಹಾಕಬೇಕು. ಟ್ಯಾಂಕ್ ತೊಳೆದು ನೀರಿಗೆ ಕ್ಲೋರಿನ್ ಬಿಡಬೇಕು. ಮುದುಡಿ ಕೂತಿರೋ ಕೋಳಿಗಳನ್ನ ಬೇರೆ ಇಡಬೇಕು, ಅವುಗಳ ಮೊಟ್ಟೆ ಮಾರಬಾರದು. ಸತ್ತದ್ದನ್ನ ಗುಂಡಿ ತೋಡಿ ಹೂಳಬೇಕು. ರಿಪೋರ್ಟ್ ಬರೋವರೆಗೂ ಇಡೀ ಶೆಡ್‌ಗೆ ಔಷಧಿ ಬೇಡ.

ಆ ರಾತ್ರಿ ಟಾರ್ಚ್ ಹಿಡಿದು ನಾನೂ ಅಪ್ಪನೂ ನಿಪ್ಪಲ್ ಬದಲಾಯಿಸಿದ್ವಿ. ಮಾತಿಲ್ಲ. ಗುರುವಾರ ಬೆಳಿಗ್ಗೆ ಐಸ್ ತುಂಬಿದ ಥರ್ಮೋಕೋಲ್ ಡಬ್ಬದಲ್ಲಿ ಸ್ಯಾಂಪಲ್ ಇಟ್ಟುಕೊಂಡು ಹೆಬ್ಬಾಳದ ಪಶುರೋಗ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಎಷ್ಟೋ ಸಲ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ ಬೈಯುತ್ತಾ ಹೋಗಿದ್ದೇನೆ, ಕೆಳಗೆ ಇಂಥದ್ದೊಂದು ಜಾಗ ಇದೆ ಅಂತ ಗಮನಿಸಿಯೇ ಇರಲಿಲ್ಲ.

ಗುರುವಾರ 17. ಶುಕ್ರವಾರ 19. ಶನಿವಾರ 22.

ಶನಿವಾರ ಸಂಜೆ ಅಪ್ಪ ಫೀಡ್ ರೂಮಿನ ಅಟ್ಟದಿಂದ ಒಂದು ಹಳೇ ಪ್ಯಾಕೆಟ್ ಇಳಿಸಿದರು. ಶೆಡ್ ಹಾಕಿದ ಹೊಸದರಲ್ಲಿ ಅಂಗಡಿಯವರು ಕೊಟ್ಟಿದ್ದ ಪುಡಿ. ಟಾರ್ಚ್ ಬಿಟ್ಟು ಓದಿದೆ: ಕೊಲಿಸ್ಟಿನ್. ಆಸ್ಪತ್ರೆಯ ಐಸಿಯುನಲ್ಲಿ ಬೇರೆ ಯಾವ ಆ್ಯಂಟಿಬಯೋಟಿಕ್ಕೂ ಕೆಲಸ ಮಾಡದಿದ್ದಾಗ ಮನುಷ್ಯರಿಗೆ ಕೊಡೋ ಕೊನೇ ಔಷಧಿಗಳಲ್ಲಿ ಅದೂ ಒಂದು. ಅದಕ್ಕೂ ಬಗ್ಗದ ಗುಣವನ್ನ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದು ಅಂತ 2015ರಲ್ಲಿ ಚೀನಾದ ವಿಜ್ಞಾನಿಗಳು ಕಂಡುಹಿಡಿದರು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಕೋಳಿ, ಮೀನು, ಮತ್ತೆಲ್ಲಾ ಆಹಾರದ ಪ್ರಾಣಿಗಳಿಗೆ ಇದನ್ನ ಕೊಡೋದನ್ನ ನಿಷೇಧಿಸಿತು.

"ಇದು ಹಾಕೋ ಹಾಗಿಲ್ಲಪ್ಪ."

"ಹಾಕದೇ ಇದ್ರೆ? ನಾಳೆ ಇಪ್ಪತ್ತೈದು, ನಾಡಿದ್ದು ಮೂವತ್ತು. ಇಎಂಐ ನೀನು ಕಟ್ತೀಯ, ಸರಿ. ಗುಂಡಿ ತೋಡೋನು ನಾನು ಕಣೋ."

ಇಷ್ಟು ದಿನದಲ್ಲಿ ಅಪ್ಪ ಶೆಡ್ ಬಗ್ಗೆ ನನ್ನ ಎದುರು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಷೇಧದ ವಿಷಯ ಹೇಳಬಹುದಿತ್ತು. ಆ ಪುಡಿ ನೀರಿಗೆ ಹಾಕಿದರೆ ನಾಳೆ ಮೊಟ್ಟೆ ಎಲ್ಲಿಗೆ ಹೋಗುತ್ತೆ ಅಂತ ಕೇಳಬಹುದಿತ್ತು. ಬೆಂಗಳೂರಿಗೆ ತಾನೇ ಹೋಗೋದು? ನನ್ನ ಅಪಾರ್ಟ್‌ಮೆಂಟ್ ಕೆಳಗಿನ ಅಂಗಡಿಗೂ ಬರಬಹುದು. ಆದರೆ ಅದ್ಯಾವುದೂ ಆ ಹೊತ್ತಲ್ಲಿ ಬಾಯಿಗೆ ಬರಲಿಲ್ಲ.

"ಪರದೆ ಮುಚ್ಚಿಸಿದ್ದು ನಾನು. ತಪ್ಪು ನಂದು. ಸೋಮವಾರದವರೆಗೂ ನೋಡೋಣ ಅಪ್ಪಾ. ಹೋದ ಕೋಳಿಯ ಲೆಕ್ಕ ನನ್ನ ತಲೆ ಮೇಲಿರಲಿ" ಅಂದೆ.

ಅಪ್ಪ ಪ್ಯಾಕೆಟ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ "ಕೋಳಿ ಲೆಕ್ಕ ತಲೆ ಮೇಲೆ ಹೊರೋಕಾಗಲ್ಲ, ಬಿಡು" ಅಂತ ಅದನ್ನ ಸುಣ್ಣದ ಚೀಲದ ಮೇಲೆ ಎಸೆದು ಮನೆಗೆ ಹೋದರು.

ಭಾನುವಾರ 18. ಸೋಮವಾರ 14. ಸೋಮವಾರ ಮಧ್ಯಾಹ್ನ ರಿಪೋರ್ಟ್ ಬಂತು. ಇ. ಕೋಲೈ. ಕೆಳಗೆ ಒಂದೊಂದು ಔಷಧಿಯ ಮುಂದೆ ಒಂದೊಂದು ಅಕ್ಷರ: ಎಸ್ ಅಂದರೆ ಬಗ್ಗುತ್ತೆ, ಆರ್ ಅಂದರೆ ಬಗ್ಗಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೈಗಿಡೋ ಔಷಧಿಗಳಲ್ಲಿ ಹೆಚ್ಚಿನವುಗಳ ಮುಂದೆ ಆರ್ ಇತ್ತು. ತಲೆಮಾರುಗಟ್ಟಲೆ ಕೋಳಿಗಳಿಗೆ ನೀರಿನ ಥರ ಕುಡಿಸಿದ್ದರ ಫಲ. ಬೇರೆ ಇಟ್ಟಿದ್ದ ರೋಗದ ಕೋಳಿಗಳಿಗೆ ಮಾತ್ರ ಡಾಕ್ಟರು ಎಸ್ ಇದ್ದ ಒಂದು ಔಷಧಿ ಬರೆದರು. ಅವುಗಳ ಮೊಟ್ಟೆ ಅವರು ಹೇಳಿದಷ್ಟು ದಿನ ಗುಂಡಿಗೇ ಹಾಕಿದ್ವಿ. ಮಿಕ್ಕ ಕೋಳಿಗಳಿಗೆ ಗಾಳಿ ಮತ್ತು ನೀರು, ಅಷ್ಟೆ.

ಮಂಗಳವಾರ 9. ಆಮೇಲೆ ದಿನಕ್ಕೆ ನಾಲ್ಕು, ಮೂರು, ಎರಡು. ಜನವರಿ ಕೊನೆಗೆ ಒಟ್ಟು 163 ಹೋಗಿದ್ದವು. ಮೊಟ್ಟೆ 87 ಟ್ರೇವರೆಗೂ ಹತ್ತಿ ನಿಂತಿತು. ಹೊಟ್ಟೆಯಲ್ಲಿ ಗಂಟು ಕಟ್ಟಿದವು ಬದುಕಿದರೂ ಮತ್ತೆ ಸರಿಯಾಗಿ ಮೊಟ್ಟೆ ಇಡಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ನಷ್ಟದ ಎಕ್ಸೆಲ್ ಕೂಡ ಮಾಡಿದೆ, ಯಾರಿಗೂ ಕಳಿಸಲಿಲ್ಲ. ನಾನು ಅಳತೆಗೆ ಸಿಗೋದನ್ನ ಅಳೆದೆ. ಉಷ್ಣಾಂಶದ ಸೆನ್ಸರ್ ಸಸ್ತಾ, ಕಟ್ಟೋದು ಸುಲಭ, ಗ್ರಾಫ್ ಚೆಂದ. ಗಾಳಿ ಹೇಗಿದೆ ಅಂತ ಅದು ಹೇಳಲ್ಲ, ಹೇಳುತ್ತೆ ಅಂತ ಅಂದುಕೊಂಡಿದ್ದು ನಾನು. ಅಪ್ಪ ವರ್ಷಗಳಿಂದ ಬೆಳಗಿನ ಜಾವ ಎದ್ದು, ಶೆಡ್ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಪರದೆಯ ಹಗ್ಗ ಎಳೆಯುತ್ತಿದ್ದರು. ಅದು ಹಳೇ ಕಾಲದವರ ಅಭ್ಯಾಸ ಅಂದುಕೊಂಡಿದ್ದೆ. ಅದೇ ನಮ್ಮ ಶೆಡ್‌ನ ಅಮೋನಿಯಾ ಮೀಟರ್ ಆಗಿತ್ತು. ಡಾಕ್ಟರು ಆಮೇಲೆ ಹೇಳಿದರು, ಒಳಗೇ ಕೆಲಸ ಮಾಡೋರ ಮೂಗು ಬೇಗ ಒಗ್ಗಿಹೋಗುತ್ತಂತೆ. ಹೊರಗಿನ ಗಾಳಿಯಿಂದ ಬಂದವರ ಮೊದಲ ಉಸಿರೇ ನಂಬಬೇಕಾದ್ದು.

ಫೆಬ್ರವರಿಯಲ್ಲಿ ಊರಿಗೆ ಹೋದಾಗ ಅಪ್ಪ ಐದೂವರೆಗೇ ಎಬ್ಬಿಸಿದರು. ಮಂಜು ಬಿದ್ದಿತ್ತು. ಶೆಡ್ ಹತ್ತಿರ ಹೋಗುತ್ತಿದ್ದ ಹಾಗೆ ಕೈ ಅಡ್ಡ ಹಿಡಿದು ಹೊರಗೇ ನಿಲ್ಲಿಸಿದರು. "ಇಲ್ಲಿ ನಾಲ್ಕು ಸಲ ಉಸಿರು ತಗೋ. ಆಮೇಲೆ ಒಳಗೆ ಹೋಗು."

ಹೋದೆ. ಜೋಳದ ಫೀಡಿನ ವಾಸನೆ, ಧೂಳು, ಸುಣ್ಣ, ಕೋಳಿ ಮೈಯ ಬಿಸಿ, ತೆಳುವಾಗಿ ಹಿಕ್ಕೆಯ ವಾಸನೆ. ಕಣ್ಣು ಉರಿಯಲಿಲ್ಲ. ಜೇಬಲ್ಲಿ ಫೋನ್ 14 ಡಿಗ್ರಿ ಅಂತ ಕೆಂಪು ಅಲರ್ಟ್ ಕೊಡುತ್ತಿತ್ತು. ಕೋಳಿಗಳು ಆಗಲೇ ಎದ್ದು ಗದ್ದಲ ಶುರು ಮಾಡಿದ್ದವು.

"ಏನನ್ನಿಸ್ತದೆ?" ಅಪ್ಪ ಬಾಗಿಲಿಂದಲೇ ಕೇಳಿದರು.

"ಸರಿಯಾಗಿದೆ ಅನ್ಸುತ್ತೆ ಅಪ್ಪಾ."

ಅಪ್ಪ ಒಳಗೆ ಬಂದು, ತಾವೂ ಒಂದು ಸಲ ಉಸಿರೆಳೆದು, ಏನೂ ಹೇಳದೆ ಹಗ್ಗ ಹಿಡಿದು ಪರದೆಯನ್ನ ಇನ್ನೊಂದು ಮೊಳ ತೆರೆದರು.